ಕಾರಿನ ಜಾಗಕ್ಕೆ ಬಸ್ಸು, ಸೈಕಲ್ಲು ಬಂದಾವೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ. ಸಂಚಿಕೆಗಾಗಿ ಕೆಲವು ಅಂಕಿ-ಅಂಶಗಳನ್ನು ಸೇರಿಸಲಾಗಿದೆ.)



‘ನಗರಗಳಲ್ಲಿ ಕಾರಿನ ಬದಲು ಸಾರ್ವಜನಿಕ ಸಾರಿಗೆ ಮತ್ತು ಸೈಕಲ್ ಬಳಕೆ ಸಾಧ್ಯವೆ?’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಸಂಘದ ಪದಾಧಿಕಾರಿಗಳು ನನಗೆ ತಿಳಿಸಿದಾಗ, ಉರ್ದು ಮತ್ತು ಕನ್ನಡ ಪಾಠ ಹೇಳುವವಳಿಗೆ ಈ ವಿಷಯ ಏಕೆ ಎಂದು ಒಂದು ಗಳಿಗೆ ಅನ್ನಿಸಿದ್ದುಂಟು. ಸಮಾಜ ವಿಜ್ಞಾನದ ಮೇಷ್ಟ್ರು ಇದನ್ನು ನನಗಿಂತ ಚೆನ್ನಾಗಿ ಹೇಳಿಯಾರು. ಆದರೆ ನನ್ನ ಮೇಜಿನ ಮೇಲಿರುವ ಹಾಜರಿ ಪುಸ್ತಕವನ್ನು ತೆರೆದರೆ ಈ ವಿಷಯ ಅದರಲ್ಲೇ ಇದೆ. ಮಗು ಶಾಲೆಗೆ ಬಾರದ ದಿನಗಳನ್ನು ವಿಚಾರಿಸುತ್ತಾ ಹೋದರೆ ಜ್ವರ, ನೆಗಡಿ, ಮದುವೆ ಮನೆ ಎಲ್ಲವೂ ಸಿಗುತ್ತವೆ. ಅವುಗಳ ಜೊತೆಗೆ ‘ಬಸ್ ಬರಲಿಲ್ಲ ಮೇಡಂ’ ಎಂಬ ಉತ್ತರವೂ ಸಿಗುತ್ತದೆ. ಹಾಗಾಗಿ ದೊಡ್ಡ ನಗರಗಳ ವಿಚಾರವನ್ನು ಬೇಕಾದಷ್ಟು ಮಾತ್ರ ಹೇಳಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಿಚಾರವನ್ನೇ ಹೆಚ್ಚಾಗಿ ಹೇಳಲು ತಮ್ಮ ಅನುಮತಿ ಕೋರುತ್ತೇನೆ.

ಮೊದಲು ಪ್ರಶ್ನೆಯನ್ನೇ ಸ್ವಲ್ಪ ನೋಡೋಣ. ಕಾರಿನ ಬದಲು ಎನ್ನುತ್ತೇವೆ. ಆ ಕಾರು ಯಾರ ಮನೆಯಲ್ಲಿದೆ? 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಕಾರು, ಜೀಪು ಅಥವಾ ವ್ಯಾನು ಇದ್ದದ್ದು ಐದಕ್ಕಿಂತ ಕಡಿಮೆ ಮನೆಗಳಲ್ಲಿ. ಸ್ಕೂಟರು, ಮೋಟಾರು ಬೈಕು 21 ಮನೆಗಳಲ್ಲಿತ್ತು. ಸೈಕಲ್ಲು ಸುಮಾರು 45 ಮನೆಗಳಲ್ಲಿತ್ತು. ಅದೇ ಜನಗಣತಿಯಲ್ಲಿ, ಬೇಸಾಯ ಬಿಟ್ಟು ಬೇರೆ ಉದ್ಯೋಗ ಮಾಡುವವರು ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದೂ ಕೇಳಿದ್ದರು. ಕಾರಿನಲ್ಲಿ ಹೋಗುವವರು ನೂರಕ್ಕೆ ಮೂವರೂ ಇರಲಿಲ್ಲ. ನಡೆದು ಹೋಗುವವರೇ ಎಲ್ಲರಿಗಿಂತ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದ್ವಿಚಕ್ರ ವಾಹನ ದೇಶದ ಅರ್ಧದಷ್ಟು ಮನೆಗಳಿಗೆ ಬಂದಿತ್ತು. ಕಾರು ಮಾತ್ರ ನೂರಕ್ಕೆ ಎಂಟರ ಆಸುಪಾಸಿನಲ್ಲಿತ್ತು.

ಆದ್ದರಿಂದ ಅಮೆರಿಕದಲ್ಲಿ ಈ ಪ್ರಶ್ನೆಗೆ ಇರುವ ಅರ್ಥ ನಮ್ಮಲ್ಲಿ ಇಲ್ಲ. ಅಲ್ಲಿ ಮನೆ ಮನೆಗೂ ಕಾರು ಬಂದು ಬಸ್ಸು ಹಿಂದೆ ಸರಿಯಿತು. ನಮ್ಮಲ್ಲಿ ಹೆಚ್ಚಿನವರು ಇನ್ನೂ ಕಾಲ್ನಡಿಗೆ, ಸೈಕಲ್ಲು, ಬಸ್ಸು, ಬೈಕುಗಳ ಮೇಲೆಯೇ ಇದ್ದಾರೆ. ಕೈಯಲ್ಲಿ ನಾಲ್ಕು ಕಾಸು ಬಂದ ಕೂಡಲೆ ಬಸ್ಸನ್ನು ಬಿಟ್ಟು ಬೈಕಿಗೆ, ಬೈಕನ್ನು ಬಿಟ್ಟು ಕಾರಿಗೆ ಹೋಗುತ್ತಿದ್ದಾರೆ. ಅದನ್ನು ಬರೀ ಶೋಕಿ ಎಂದು ಬೈಯುವುದು ಸುಲಭ. ಕಂತಿನ ಮೇಲೆ ಬೈಕು ತೆಗೆದುಕೊಂಡ ಹತ್ತು ಮಂದಿ ಪೋಷಕರನ್ನು ಕೇಳಿ ನೋಡಿ. ಅವರಲ್ಲಿ ಹೆಚ್ಚಿನವರು ಬೈಕಿನ ಮಾತು ಬಿಟ್ಟು ಬಸ್ಸಿನ ಸಮಯದ ಮಾತೇ ಆಡುತ್ತಾರೆ.

ನಗರ ಎಂದ ಕೂಡಲೆ ನಮಗೆ ನೆನಪಾಗುವುದು ಬೆಂಗಳೂರು. ಅಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಮೆಟ್ರೊ ಓಡಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಮೆಟ್ರೊ ಜಾಲದ ಉದ್ದ 96 ಕಿಲೋಮೀಟರ್ ಆಯಿತು, ದಿನಕ್ಕೆ ಹತ್ತು ಲಕ್ಷ ಜನ ಹತ್ತಿದ ದಿನವನ್ನೂ ಅದು ಕಂಡಿತು. ಹೀಗಿದ್ದರೂ ಬೆಂಗಳೂರನ್ನು ಹೊತ್ತು ತಿರುಗುತ್ತಿರುವುದು ಬಿಎಂಟಿಸಿ ಬಸ್ಸೇ. ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣ ಅದರಲ್ಲಿ ನಡೆಯುತ್ತದೆ. ಪತ್ರಿಕೆಗಳಲ್ಲಿ ಮೆಟ್ರೊ ಚಿತ್ರ ಬಂದಷ್ಟು ಬಸ್ಸಿನ ಚಿತ್ರ ಬರುವುದಿಲ್ಲ, ಅಷ್ಟೆ.

ಇಲ್ಲಿ ಒಂದು ಸರಳ ಲೆಕ್ಕವಿದೆ. ಮಕ್ಕಳಿಗೂ ಹೇಳಿಕೊಡಬಹುದು. ಮೂರೂವರೆ ಮೀಟರ್ ಅಗಲದ ಒಂದು ಪಥವನ್ನು ಒಂದು ಗಂಟೆ ಕಾಲ ಕಾರುಗಳಿಗೆ ಬಿಟ್ಟುಕೊಟ್ಟರೆ ನಗರದ ದಟ್ಟಣೆಯಲ್ಲಿ ಸುಮಾರು 2,000 ಜನ ದಾಟುತ್ತಾರೆ. ಅದೇ ಪಥವನ್ನು ಬಸ್ಸುಗಳಿಗೆ ಕೊಟ್ಟರೆ ಸುಮಾರು 9,000 ಜನ, ಸೈಕಲ್ಲುಗಳಿಗೆ ಕೊಟ್ಟರೆ ಸುಮಾರು 14,000 ಜನ ದಾಟುತ್ತಾರೆಂದು ಸಾರಿಗೆ ತಜ್ಞರು ಲೆಕ್ಕ ಹಾಕಿದ್ದಾರೆ. ಒಬ್ಬರೇ ಕುಳಿತ ಕಾರು ಐದು ಜನರ ಜಾಗವನ್ನು ಹಿಡಿದುಕೊಂಡು ಹೋಗುತ್ತದೆ. ರಸ್ತೆಯನ್ನು ಅಗಲ ಮಾಡುತ್ತಾ ಹೋದರೂ ಈ ಲೆಕ್ಕ ಬದಲಾಗುವುದಿಲ್ಲ.

ಈ ಲೆಕ್ಕವನ್ನು ನಂಬಿ ನಮ್ಮ ರಾಜ್ಯದಲ್ಲೇ ಒಂದು ಕೆಲಸ ಆಯಿತು. ಹುಬ್ಬಳ್ಳಿ-ಧಾರವಾಡ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ಬಸ್ಸಿಗೆಂದೇ ಪ್ರತ್ಯೇಕ ಪಥ ಹಾಕಿ, ನಡುರಸ್ತೆಯಲ್ಲಿ ನಿಲ್ದಾಣ ಕಟ್ಟಿ, ‘ಚಿಗರಿ’ ಎಂಬ ಚಂದದ ಹೆಸರಿಟ್ಟು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಬಸ್ಸು ಓಡಿಸಿದರು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಅವಳಿ ನಗರದ ವಿದ್ಯಾರ್ಥಿಗಳಿಗೂ ನೌಕರರಿಗೂ ಅದರಿಂದ ಅನುಕೂಲವಾದದ್ದು ನಿಜ. ಬಸ್ಸಿಗೆ ಜಾಗ ಕೊಟ್ಟದ್ದರಿಂದ ತಮ್ಮ ಪಥ ಕಿರಿದಾಯಿತು ಎಂದು ಉಳಿದ ವಾಹನದವರು ದೂರಿದ್ದೂ ನಿಜ. ಅಗಲವಾದ ರಸ್ತೆಯನ್ನು ದಾಟುವುದು ಮುದುಕರಿಗೆ, ಮಕ್ಕಳಿಗೆ ಕಷ್ಟ. ಬಸ್ಸುಗಳು ಹಳೆಯವಾದಂತೆ ರಿಪೇರಿಯ ತಾಪತ್ರಯವೂ ಬಂತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂದು 450 ಸೈಕಲ್ಲುಗಳನ್ನು 48 ಕಡೆ ಇಟ್ಟು, ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ವ್ಯವಸ್ಥೆಯನ್ನು ಮಾಡಿದರು. ಒಳ್ಳೆಯ ಕೆಲಸವೇ. ಆದರೆ ನಮ್ಮ ನಾಲ್ಕು ಊರುಗಳಿಗೆ ಮೆಟ್ರೊ, ಚಿಗರಿ, ಟ್ರಿಣ್ ಟ್ರಿಣ್ ಯಾವುದೂ ಸದ್ಯಕ್ಕೆ ಬರುವಂಥದ್ದಲ್ಲ, ಬೇಕಾದದ್ದೂ ಅಲ್ಲ ಎಂದು ನನ್ನ ಅನಿಸಿಕೆ. ನಮಗೆ ಬೇಕಾದದ್ದು ಅದಕ್ಕಿಂತ ಸಣ್ಣದು.

ನಮ್ಮ ಊರುಗಳ ಅಳತೆಯನ್ನೇ ನೋಡಿ. ಜಿಲ್ಲಾ ಕೇಂದ್ರವಾದ ಚಿತ್ರದುರ್ಗದಲ್ಲಿ ಗಾಂಧಿ ವೃತ್ತವನ್ನು ನಡುವಿಗೆ ಇಟ್ಟುಕೊಂಡರೆ ಹೊಳಲ್ಕೆರೆ ರಸ್ತೆ, ತುರುವನೂರು ರಸ್ತೆ, ಮೆದೇಹಳ್ಳಿ ರಸ್ತೆ, ಕೋಟೆ ಕಡೆ, ಯಾವ ದಿಕ್ಕಿಗೆ ಹೋದರೂ ಊರಿನೊಳಗಿನ ಬಹಳಷ್ಟು ಜಾಗ ಮೂರು ನಾಲ್ಕು ಕಿಲೋಮೀಟರಿನಲ್ಲಿ ಮುಗಿಯುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಅದಕ್ಕಿಂತ ಚಿಕ್ಕವು. ಇಷ್ಟು ದೂರಕ್ಕೆ ಸೈಕಲ್ಲು ಹದಿನೈದು ಇಪ್ಪತ್ತು ನಿಮಿಷದ ಮಾತು. ಬೈಕಿನಲ್ಲಿ ಹೋದರೂ ಲಕ್ಷ್ಮೀ ಬಜಾರಿನ ಗದ್ದಲದಲ್ಲಿ ಎಷ್ಟು ನಿಮಿಷ ಉಳಿಯುತ್ತದೆ ಎಂಬುದು ತಮಗೇ ಗೊತ್ತು.

ಸೈಕಲ್ಲಿಗೆ ನಮ್ಮಲ್ಲಿ ಒಂದು ದೊಡ್ಡ ಶತ್ರುವಿದೆ, ಅದನ್ನು ಮುಚ್ಚಿಡಬಾರದು. ಗಾಳಿ. ಜೋಗಿಮಟ್ಟಿಯ ಕಡೆ, ಸುತ್ತಲ ಗುಡ್ಡಗಳ ಮೇಲೆ ಸಾಲು ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆಷಾಢದಲ್ಲಿ ಎದುರುಗಾಳಿಗೆ ಸೈಕಲ್ಲು ತುಳಿದವರಿಗೆ ಒಂದು ಕಿಲೋಮೀಟರು ಎರಡಾಗುತ್ತದೆ. ಏಪ್ರಿಲ್ ಬಿಸಿಲನ್ನು ಬೇರೆ ಹೇಳಬೇಕಿಲ್ಲ. ದುರ್ಗದಲ್ಲಿ ಏರು-ತಗ್ಗೂ ಇವೆ. ಆದರೆ ಶಾಲೆಯ ಮಕ್ಕಳು ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ಐದಕ್ಕೂ ಓಡಾಡುವವರು; ನಡುಮಧ್ಯಾಹ್ನದ ಬಿಸಿಲು ಅವರಿಗೆ ತಗಲುವುದು ಕಡಿಮೆ. ಗಾಳಿಗೆ ಮಾತ್ರ ಉಪಾಯವಿಲ್ಲ, ತಲೆ ಬಗ್ಗಿಸಿ ತುಳಿಯಬೇಕು.

ಒಂದು ಕಾಲದಲ್ಲಿ ಇದೇ ಗಾಳಿಯಲ್ಲಿ ಇಡೀ ಊರೇ ತುಳಿಯುತ್ತಿತ್ತು. ಸೈಕಲ್ಲಿಗೆ ಪುರಸಭೆಯವರು ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ದೀಪವಿಲ್ಲದೆ ಹೋದರೆ ದಂಡ, ಇಬ್ಬರು ಕೂತು ಹೋದರೆ ದಂಡ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್ ಅಂಗಡಿಗಳು ಬೀದಿಗೊಂದಿದ್ದವು. ಕಾಲು ನೆಲಕ್ಕೆ ಎಟುಕದ ಹುಡುಗರು ಬಾರಿನ ಒಳಗೆ ಕಾಲು ತೂರಿಸಿ ಅರ್ಧ ಪೆಡಲು ತುಳಿದು ಕಲಿತದ್ದು ಆ ಬಾಡಿಗೆ ಸೈಕಲ್ಲುಗಳ ಮೇಲೆಯೇ. ಆ ಅಂಗಡಿಗಳಲ್ಲಿ ಎಷ್ಟೋ ನಮ್ಮವರವೇ ಆಗಿದ್ದವು. ಅವರ ಮಕ್ಕಳು ಈಗ ಬೈಕ್ ಮೆಕ್ಯಾನಿಕ್ಕುಗಳಾಗಿದ್ದಾರೆ, ಆಟೊ ಓಡಿಸುತ್ತಾರೆ, ಟೈರ್ ಅಂಗಡಿ ಇಟ್ಟಿದ್ದಾರೆ. ಪಂಕ್ಚರ್ ಹಾಕುವ ಕಸುಬನ್ನು ಹೀಯಾಳಿಸಿ ಆಡುವವರಿದ್ದಾರೆ. ಮಳೆಯಲ್ಲಿ ಟ್ಯೂಬು ಒಡೆದು ದಾರಿಯಲ್ಲಿ ನಿಂತಾಗ ಅವರೂ ಆ ಅಂಗಡಿಯನ್ನೇ ಹುಡುಕುತ್ತಾರೆ.

ಆಮೇಲೆ ಸೈಕಲ್ಲು ಬಡವರ ಗುರುತಾಯಿತು. ಹೈಸ್ಕೂಲಿಗೆ ಬಂದ ಹುಡುಗ ಸೈಕಲ್ಲಿನಲ್ಲಿ ಬರಲು ನಾಚುತ್ತಾನೆ. ಹುಡುಗಿಯರ ವಿಚಾರ ಬೇರೆ. ಬಹಳ ಮನೆಗಳಲ್ಲಿ ಅವರಿಗೆ ಸೈಕಲ್ಲು ಬಂದದ್ದೇ ಸರ್ಕಾರದ ಕೈಯಿಂದ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಏಳನೆಯ ತರಗತಿಯವರೆಗೆ ಊರಿನಲ್ಲೇ ಶಾಲೆ ಇರುತ್ತದೆ, ಎಂಟಕ್ಕೆ ಪಕ್ಕದ ಊರಿಗೆ ಹೋಗಬೇಕು, ಅಲ್ಲಿಗೇ ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುತ್ತದೆ. ಆ ಜಾಗಕ್ಕೆ ಸರಿಯಾಗಿ ಸೈಕಲ್ಲನ್ನು ಇಟ್ಟರು. ಬಿಡಿಭಾಗಗಳು ಲಾರಿಯಲ್ಲಿ ಬಂದು, ಶಾಲೆಯ ಮೈದಾನದಲ್ಲಿ ಫಿಟ್ಟರುಗಳು ಕುಳಿತು ಒಂದೊಂದಾಗಿ ಜೋಡಿಸುತ್ತಿದ್ದ ಆ ದಿನಗಳಲ್ಲಿ ಪಾಠ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ, ಮಕ್ಕಳ ಕಣ್ಣೆಲ್ಲ ಕಿಟಕಿಯ ಆಚೆ. ಯೋಜನೆಯಲ್ಲಿ ಲೋಪ ಇರಲಿಲ್ಲವೆಂದಲ್ಲ. ಎಷ್ಟೋ ಸೈಕಲ್ಲು ಅಪ್ಪನ ಕೂಲಿಗೆ, ನೀರಿನ ಬಿಂದಿಗೆಗೆ, ಹಾಲಿನ ಕ್ಯಾನಿಗೆ ಹೋಯಿತು. ಒಂದು ಮಳೆಗಾಲಕ್ಕೆ ಚೈನು ತುಕ್ಕು ಹಿಡಿದು ಮೂಲೆ ಸೇರಿದ್ದೂ ಉಂಟು. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತಿತು, ನಂತರದ ವರ್ಷಗಳಲ್ಲೂ ಮತ್ತೆ ನಡೆಯಲಿಲ್ಲ. ಅದು ನಿಂತದ್ದಕ್ಕೆ ನಾವು ಪೋಷಕರಾಗಲಿ ಶಿಕ್ಷಕರಾಗಲಿ ಕೇಳಬೇಕಾದಷ್ಟು ಗಟ್ಟಿಯಾಗಿ ಕೇಳಲಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಸೈಕಲ್ಲಿನಿಂದ ಓದು ಹೆಚ್ಚುತ್ತದೆಯೆ ಎಂದು ಕೇಳುವವರಿಗೆ ಬಿಹಾರದಲ್ಲಿ ಉತ್ತರವಿದೆ. ಅಲ್ಲಿಯೂ 2006ರಲ್ಲಿಯೇ ಒಂಬತ್ತನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ಲಿಗೆಂದು ಹಣ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ನೂರಕ್ಕೆ 32ರಷ್ಟು ಏರಿತ್ತು. ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರ ನೂರಕ್ಕೆ 40ರಷ್ಟು ಇಳಿದಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆ ಹೆಚ್ಚಾಗಿ ಕಂಡಿತು ಎಂಬುದನ್ನು ಗಮನಿಸಬೇಕು.

ಅದಕ್ಕೂ ಮುಂಚೆ, 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ನಡೆದ ಸಂಗತಿ ನನಗೆ ಇನ್ನೂ ಇಷ್ಟ. ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ಲು ಕಲಿಸುವ ಕೆಲಸವನ್ನು ಅಲ್ಲಿ ಕೈಗೊಂಡರು. ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅದಕ್ಕೆ ಬೆನ್ನೆಲುಬಾಗಿ ನಿಂತರು. ಸಾವಿರಾರು ಹೆಂಗಸರು ಕಲಿತರು. ಕಲ್ಲು ಕ್ವಾರಿಯ ಕೂಲಿಯವರು, ಅಂಗನವಾಡಿಯವರು, ಶಿಕ್ಷಕಿಯರು. ಅವರಲ್ಲಿ ಸಂಪ್ರದಾಯದ ಮನೆಗಳ ಮುಸ್ಲಿಂ ಹೆಣ್ಣುಮಕ್ಕಳೂ ಇದ್ದರೆಂದು ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ನೋಡಿ ಬರೆದಿದ್ದಾರೆ. ಲೇಡೀಸ್ ಸೈಕಲ್ಲು ಅಂಗಡಿಯಲ್ಲಿ ಮುಗಿದುಹೋದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ಕೊಂಡರಂತೆ; ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ ಎಂದು ಕೆಲವರು ಅದನ್ನೇ ಮೆಚ್ಚಿದರಂತೆ. ಇದನ್ನು ಓದಿದಾಗೆಲ್ಲ ನನಗೆ ನಗು ಬರುತ್ತದೆ, ಸಂತೋಷವೂ ಆಗುತ್ತದೆ.

ಬುರ್ಖಾ, ದುಪಟ್ಟಾ ಹಾಕುವ ಮಕ್ಕಳು ಸೈಕಲ್ಲು ತುಳಿಯುವುದು ಹೇಗೆ ಎಂದು ಸಭೆಯಲ್ಲಿ ಒಬ್ಬ ತಾಯಿ ಕೇಳಿದರು. ಚೈನಿಗೆ ಪೂರ್ತಿ ಕವರು, ಹಿಂದಿನ ಚಕ್ರಕ್ಕೆ ಜಾಲರಿ, ದುಪಟ್ಟಾ ತುದಿಗೆ ಒಂದು ಪಿನ್ನು; ಇಷ್ಟು ಇದ್ದರೆ ಬಟ್ಟೆ ಸಿಕ್ಕಿಕೊಳ್ಳುವುದಿಲ್ಲ. ಅಂಗಡಿಯವರು ಕೊಡುವಾಗಲೇ ಕೇಳಿ ಹಾಕಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಅದೇ ದಿನ ಸಣ್ಣ ಬೈಕು ಮತ್ತು ಸಣ್ಣ ಕಾರುಗಳ ತೆರಿಗೆಯನ್ನೂ 28ರಿಂದ 18ಕ್ಕೆ ಇಳಿಸಿದರು ಎನ್ನಿ.

ಇನ್ನು ಬಸ್ಸಿನ ಮಾತು. ನನ್ನ ಅಭಿಪ್ರಾಯದಲ್ಲಿ ಮುಖ್ಯವಾದದ್ದು ಇದೇ. ಸೈಕಲ್ಲು ಊರೊಳಗಿನ ಮತ್ತು ಮೂರು ನಾಲ್ಕು ಕಿಲೋಮೀಟರಿನ ಹಳ್ಳಿಯ ದೂರಕ್ಕೆ ಸಾಕು. ಚಿತ್ರದುರ್ಗದಿಂದ ಹೊಳಲ್ಕೆರೆಗೆ 30 ಕಿಲೋಮೀಟರಿಗೆ ಮೇಲೆ, ಹಿರಿಯೂರಿಗೆ ಸುಮಾರು 40, ಹೊಸದುರ್ಗಕ್ಕೆ ಇನ್ನೂ ದೂರ. ರೈಲಿನ ಆಸರೆ ಕಡಿಮೆ. ಚಿಕ್ಕಜಾಜೂರು ಜಂಕ್ಷನ್ ಹೊಳಲ್ಕೆರೆ ತಾಲ್ಲೂಕಿನಲ್ಲಿದೆ. ಹೊಸದುರ್ಗಕ್ಕೆ ಸ್ಟೇಷನ್ ಇದೆ, ಆದರೆ ಅದರ ಹೆಸರೇ ‘ಹೊಸದುರ್ಗ ರೋಡ್’. ರೈಲ್ವೆಯವರ ಭಾಷೆಯಲ್ಲಿ ಹೆಸರಿನ ಕೊನೆಗೆ ರೋಡ್ ಬಂದರೆ ಇಳಿದ ಮೇಲೆ ಊರಿಗೆ ಇನ್ನೂ ರಸ್ತೆ ಇದೆ ಎಂದು ಅರ್ಥ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗಕ್ಕೆ 2011-12ರಲ್ಲಿ ಮಂಜೂರಾತಿ ಸಿಕ್ಕಿತು. ಅಂದು ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಬಂದ ಮೇಲೂ ಕಾಮಗಾರಿ ನಡೆದೇ ಇತ್ತು.

ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಶುರುವಾಯಿತು; 1961ರಲ್ಲಿ ಅದು ನಿಗಮವಾಯಿತು. ಆದರೆ ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳ ಓಡಾಟ ಮೊದಲಿನಿಂದಲೂ ಹೆಚ್ಚು. ಎಷ್ಟೋ ಹಳ್ಳಿಗಳಿಗೆ ಡಾಂಬರು ಬರುವ ಮುಂಚೆ ಖಾಸಗಿ ಬಸ್ಸು ಬಂದಿತ್ತು, ಅವರ ಉಪಕಾರವನ್ನು ಮರೆಯಬಾರದು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು ರಾಜ್ಯದ ನಾಲ್ಕು ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. 2025ರ ಜುಲೈ ಹೊತ್ತಿಗೆ ಇದರ ಅಡಿಯಲ್ಲಿ 500 ಕೋಟಿ ಪ್ರಯಾಣಗಳು ಆಗಿದ್ದವು. ಸೀಟಿಗಾಗಿ ನೂಕುನುಗ್ಗಲು, ಗಂಡಸರ ಗೊಣಗಾಟ ಎಲ್ಲ ಇದೆ. ಆದರೂ ಕಾಲೇಜಿಗೆ ಹೋಗುವ ಹುಡುಗಿಯ ಖರ್ಚಿನಿಂದ ಬಸ್ ಚಾರ್ಜು ತೆಗೆದುಹಾಕಿದ್ದು ಸಣ್ಣ ಮಾತಲ್ಲ.

ಆದರೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಸರ್ಕಾರಿ ಬಸ್ಸು ಬಾರದ ರಸ್ತೆಯ ಹುಡುಗಿಗೆ ಅದು ತಲುಪುವುದಿಲ್ಲ. ಹೀಗಾಗಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರಲ್ಲಿ ಒಬ್ಬಳಿಗೆ ಪ್ರಯಾಣ ಉಚಿತ, ಇನ್ನೊಬ್ಬಳಿಗೆ ದಿನಾ ದುಡ್ಡು. ಅದಕ್ಕಿಂತ ದೊಡ್ಡ ತೊಂದರೆ ಸಮಯದ್ದು. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಡಿಸೆಂಬರ್ ನಂತರ ಸಂಜೆ ವಿಶೇಷ ತರಗತಿ ನಡೆಸುತ್ತೇವೆ. ಐದೂವರೆ, ಆರಕ್ಕೆ ಮುಗಿಯುತ್ತದೆ. ಚಳಿಗಾಲದಲ್ಲಿ ಅಷ್ಟು ಹೊತ್ತಿಗೆ ಕತ್ತಲು. ಐದು ಗಂಟೆ ದಾಟಿದರೆ ಹಳ್ಳಿಯ ಹುಡುಗಿಯರ ಕಿವಿ ಪಾಠದ ಮೇಲೆ ಇರುವುದಿಲ್ಲ, ಬಸ್ಸಿನ ಹಾರನ್ನಿನ ಮೇಲೆ ಇರುತ್ತದೆ. ವಿಶೇಷ ತರಗತಿ ಯಾರಿಗೆ ಹೆಚ್ಚು ಬೇಕೋ ಅವರೇ ಬ್ಯಾಗು ಎತ್ತಿಕೊಂಡು ಮೊದಲು ಹೊರಡುತ್ತಾರೆ. ಪಿಯುಸಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾದಾಗ ಇದೇ ತೊಡಕು ಇನ್ನೂ ಬಲವಾಗುತ್ತದೆ. ಒಬ್ಬ ತಂದೆ ನನಗೆ ಹೇಳಿದ ಮಾತು ಇದು: “ಓದಿಸಬಾರದು ಅಂತ ನನಗೇನಿಲ್ಲ ಮೇಡಂ. ಸಂಜೆ ಬಸ್ ಗ್ಯಾರಂಟಿ ಇದ್ರೆ ನಾಳೇನೇ ಸೇರಿಸ್ತೀನಿ.” ಅವರ ಮಗಳಿಗೆ ಶೇಕಡಾ 80ರ ಮೇಲೆ ಅಂಕ ಬಂದಿತ್ತು. ಅವಳು ಪಿಯುಸಿಗೆ ಸೇರಲಿಲ್ಲ. ನಮ್ಮ ಸಮಾಜದವರಿಗೆ ಹೆಣ್ಣುಮಕ್ಕಳನ್ನು ಓದಿಸುವ ಮನಸ್ಸಿಲ್ಲ ಎಂದು ಭಾಷಣ ಮಾಡುವವರು ಇಂಥ ಮನೆಗಳ ಬಾಗಿಲಿಗೂ ಒಮ್ಮೆ ಹೋಗಿ ಬರಬೇಕು.

ಹೆದ್ದಾರಿಯ ಊರುಗಳಲ್ಲಿ ಇನ್ನೊಂದು ಕಷ್ಟ. ಹಿರಿಯೂರು, ಚಿತ್ರದುರ್ಗಗಳಿಗೆ ಬೆಂಗಳೂರು-ಪುಣೆ ಹೆದ್ದಾರಿ ಇದೆ, ನಿಮಿಷಕ್ಕೊಂದು ವಾಹನ ಹೋಗುತ್ತದೆ. ದೂರದ ಬಸ್ಸುಗಳಲ್ಲಿ ಕೆಲವು ರಾತ್ರಿ ಹೊತ್ತು ಊರೊಳಗೆ ಬಾರದೆ ಬೈಪಾಸಿನಲ್ಲೇ ಇಳಿಸಿ ಹೋಗುತ್ತವೆ. ಅಲ್ಲಿಂದ ಮನೆಗೆ ಎರಡು ಮೂರು ಕಿಲೋಮೀಟರು. ಆ ಎರಡು ಕಿಲೋಮೀಟರಿಗಾಗಿ ಮನೆಯ ಗಂಡುಮಗ ಬೈಕು ಇಟ್ಟುಕೊಂಡಿರಬೇಕು.

ಬೈಕು ಮನೆಗೆ ಬಂದ ಮೇಲೆ ಅಪ್ಪನಿಗೆ ಮಾತ್ರ ಉಳಿಯುವುದಿಲ್ಲ. ಒಂಬತ್ತನೇ ತರಗತಿಯ ಹುಡುಗ ಇಬ್ಬರು ಗೆಳೆಯರನ್ನು ಹಿಂದೆ ಕೂರಿಸಿಕೊಂಡು ಶಾಲೆಯ ಗೇಟಿಗೆ ಬರುತ್ತಾನೆ. ಪೋಷಕರಾದ ತಾವು ಇದನ್ನು ದಯವಿಟ್ಟು ತಿಳಿದುಕೊಳ್ಳಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನ ಮಗು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ದಂಡವನ್ನು ಹೇಗಾದರೂ ಕಟ್ಟಬಹುದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಸುಮಾರು 20 ಮಂದಿ ನಡೆದು ಹೋಗುತ್ತಿದ್ದವರು. ಬಸ್ಸಿನಲ್ಲಿ ಕೂತಿದ್ದವರು ಮೂವರಿಗಿಂತ ಕಡಿಮೆ. ಬಸ್ ಅಪಘಾತವಾದರೆ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಬೈಕಿನದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲುಗಳೇ ವರ್ಷಕ್ಕೆ ಎಪ್ಪತ್ತು ಸಾವಿರ ಮನೆಗಳ ಮಾತು.

ಮಕ್ಕಳ ಸಾವಿನ ಮಾತು ಬಂದದ್ದರಿಂದ ಹಾಲೆಂಡ್ ದೇಶದ ಒಂದು ವಿಚಾರ ಹೇಳಬೇಕು. ಇಂದು ಅಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪ್ರಯಾಣ ಸೈಕಲ್ಲಿನ ಮೇಲೆ. ಅದು ಅವರ ರಕ್ತದಲ್ಲೇ ಇದೆ ಎಂದು ನಾವು ತಿಳಿಯುತ್ತೇವೆ. ಎರಡನೆಯ ಮಹಾಯುದ್ಧದ ನಂತರ ಅವರೂ ಕಾರಿನ ಹಿಂದೆ ಬಿದ್ದು, ಸೈಕಲ್ಲನ್ನು ಮರೆಯುತ್ತಾ ಬಂದಿದ್ದರು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ವಾಹನಗಳಿಗೆ ಸಿಕ್ಕಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಯರು ಬೀದಿಗೆ ಬಂದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬುದೇ ಅವರ ಚಳವಳಿಯ ಹೆಸರಾಗಿತ್ತು. 1973ರಲ್ಲಿ ಪೆಟ್ರೋಲಿನ ಬಿಕ್ಕಟ್ಟು ಬಂದು ಭಾನುವಾರಗಳಂದು ಕಾರು ನಿಷೇಧಿಸಿದಾಗ ಖಾಲಿ ರಸ್ತೆಯ ಮೇಲೆ ಮಕ್ಕಳು ಆಡಿದ್ದನ್ನು ಇಡೀ ದೇಶ ನೋಡಿತು. ಸೈಕಲ್ಲಿನ ಪ್ರತ್ಯೇಕ ದಾರಿಗಳು ಹೆಚ್ಚುತ್ತಾ ಹೋದದ್ದು ಅಲ್ಲಿಂದ ಮುಂದೆ. ಅದನ್ನು ಪೋಷಕರು ಕೇಳಿ ಪಡೆದರು.

ಹಾಗಾದರೆ ಕಾರು ಬೇಡವೆ? ಹೆರಿಗೆ ನೋವಿನ ಹೆಣ್ಣುಮಗಳನ್ನು ಬಸ್ಸಿಗೆ ಕಾಯಿಸಲಾಗದು. ಕಾಲು ಊನವಾದವರು, ಡಯಾಲಿಸಿಸ್‌ಗೆ ಹೋಗುವವರು, ಸರಕು ಸಾಗಿಸುವ ವ್ಯಾಪಾರಿಗಳು ಇವರಿಗೆಲ್ಲ ವಾಹನ ಬೇಕು. ಆಟೊದವರ ಹೊಟ್ಟೆಪಾಡೂ ನಡೆಯಬೇಕು; ಬಸ್ಸು ಹೆಚ್ಚಾದ ಕಡೆ ಬಸ್ ನಿಲ್ದಾಣದಿಂದ ಮನೆಗೆ ಹೋಗುವ ಬಾಡಿಗೆ ಆಟೊಗೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಾರನ್ನು ಪೂರ್ತಿ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಎರಡು ಕಿಲೋಮೀಟರಿಗೂ ಇಪ್ಪತ್ತು ಕಿಲೋಮೀಟರಿಗೂ ಪ್ರತಿಯೊಂದು ಮನೆಯೂ ಸಾಲ ಮಾಡಿ ವಾಹನ ಇಡಲೇಬೇಕಾದ ಸ್ಥಿತಿ ಹೋಗಲಿ ಎಂಬುದಷ್ಟೇ ನಾನು ಕೇಳುವುದು. ಎರಡರ ಕೆಲಸವನ್ನು ಸೈಕಲ್ಲು ಮಾಡುತ್ತದೆ, ಇಪ್ಪತ್ತರದ್ದನ್ನು ಬಸ್ಸು ಮಾಡುತ್ತದೆ. ಎರಡರಲ್ಲಿ ಮೊದಲು ಯಾವುದು ಎಂದರೆ ನಾನು ಬಸ್ಸು ಎನ್ನುತ್ತೇನೆ, ಅದರಲ್ಲೂ ಸಂಜೆಯ ಬಸ್ಸು.

ಇದಕ್ಕೆ ಯಾರನ್ನು ಕೇಳಬೇಕು ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಡ್ರೈವರ್, ಕಂಡಕ್ಟರ್ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಸಮಯ ನಿಗದಿ ಮಾಡುವವರು ಅವರಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನ ಸಮಯ ಬದಲಿಸಲು, ಹೊಸ ಟ್ರಿಪ್ ಹಾಕಲು ಡಿಪೊ ವ್ಯವಸ್ಥಾಪಕರಿಗೆ ಮತ್ತು ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಅರ್ಜಿ ಕೊಡಬೇಕು. ಖಾಸಗಿ ಬಸ್ಸಿನ ಪರವಾನಗಿ ಮತ್ತು ವೇಳಾಪಟ್ಟಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಒಪ್ಪಿದ ವೇಳೆಗೆ ಬಸ್ಸು ಬಾರದಿದ್ದರೆ ದೂರನ್ನು ಅಲ್ಲಿಗೇ ಕೊಡಬೇಕು. ‘ನಮ್ಮೂರಿಗೆ ಬಸ್ ಬೇಕು’ ಎಂದು ಬರೆದ ಅರ್ಜಿಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಯಾವ ಊರಿನಿಂದ ಯಾವ ಶಾಲೆಗೆ, ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಎಂದು ಪಟ್ಟಿ ಮಾಡಿ, ಮುಖ್ಯ ಶಿಕ್ಷಕರ ಸಹಿ ಮೊಹರು ಹಾಕಿಸಿ ಕೊಟ್ಟರೆ ಅದಕ್ಕೆ ತೂಕ ಬರುತ್ತದೆ.

ಆ ಪಟ್ಟಿಯನ್ನು ಈ ವರ್ಷ ಸಂಘದ ಮೂಲಕವೇ ಮಾಡೋಣ ಎಂದು ನಾನು ಸಭೆಯಲ್ಲಿ ಕೇಳಿಕೊಂಡೆ, ಪದಾಧಿಕಾರಿಗಳು ಒಪ್ಪಿದ್ದಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಓದುಗರು ಒಂದು ಪೋಸ್ಟ್ ಕಾರ್ಡಿನಲ್ಲಿ ತಮ್ಮ ಊರಿನ ಹೆಸರು, ಹೈಸ್ಕೂಲಿಗೆ ಮತ್ತು ಕಾಲೇಜಿಗೆ ಹೊರಗೆ ಹೋಗುವ ಹುಡುಗಿಯರೆಷ್ಟು ಹುಡುಗರೆಷ್ಟು, ಸಂಜೆ ತಾಲ್ಲೂಕು ಕೇಂದ್ರದಿಂದ ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ, ಅದು ಸರ್ಕಾರಿಯೋ ಖಾಸಗಿಯೋ, ಇಷ್ಟನ್ನು ಬರೆದು ಸಂಘದ ಕಚೇರಿಗೆ ಕಳುಹಿಸಬೇಕು. ಉರ್ದುವಿನಲ್ಲಿ ಬರೆದರೂ ಸರಿ, ಕನ್ನಡಕ್ಕೆ ತರುವ ಕೆಲಸ ನನ್ನದು. ಡಿಸೆಂಬರಿನ ವಿಶೇಷ ತರಗತಿ ಶುರುವಾಗುವ ಮುಂಚೆ ಕಾರ್ಡುಗಳು ಕೈಸೇರಿದರೆ ಅರ್ಜಿಯನ್ನು ಅಷ್ಟರೊಳಗೆ ಕೊಡಬಹುದು.